ಓದುಗರ ಪ್ರಶ್ನೆ, ಬಲ್ಲವರ ಉತ್ತರ: ‘ಇದೆ’ ಎಂದರೆ ಸಾಲದು, ‘ಎಷ್ಟು ಹೊತ್ತು’ ಎಂದೂ ಹೇಳಬೇಕು

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ಕವಲುದಾರಿಯ ಸುತ್ತ ಇವೆ: ಗಣಿತ ಓದಿದವರು ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನಕ್ಕೆ ಹೊರಳುವುದು. ಏಳು ಪತ್ರಗಳನ್ನು ಆರಿಸಿದ್ದೇವೆ. ಉದ್ದದವನ್ನು ಚುಟುಕು ಮಾಡಿದ್ದೇವೆ.

ಪ್ರಶ್ನೆ: ಎಂ.ಎಸ್ಸಿ. ಗಣಿತದ ಕೊನೆಯ ವರ್ಷದಲ್ಲಿದ್ದೇನೆ. ಬೀಜಗಣಿತ, ಕಾಂಬಿನೇಟರಿಕ್ಸ್ ಇಷ್ಟ. ಪ್ರೋಗ್ರಾಮಿಂಗ್ ಅಷ್ಟಕ್ಕಷ್ಟೆ. ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಬಹುದೇ? ಅದೂ ಗಣಿತವೇ ಎನ್ನುತ್ತಾರೆ. ಹಾಗಿದ್ದರೆ ಹೊಸದಾಗಿ ಕಲಿಯಬೇಕಾದ್ದು ಏನು?

ಧಾರಾಳವಾಗಿ ಮಾಡಬಹುದು. 2021ರ ಆಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಲಾಸ್ಲೊ ಲೊವಾಸ್ ಮತ್ತು ಆವಿ ವಿಗ್ಡರ್ಸನ್ ಇಬ್ಬರ ಕೆಲಸವೂ ಈ ಎರಡು ಹೊಲಗಳ ಬದುವಿನ ಮೇಲೇ ನಡೆದದ್ದು. ಒಳಗೆ ಬರುವುದು ಕಷ್ಟವಿಲ್ಲ. ಪ್ರಶ್ನೆ ಕೇಳುವ ಅಭ್ಯಾಸವನ್ನು ಬದಲಾಯಿಸಿಕೊಳ್ಳುವುದೇ ಕಷ್ಟ.

ಗಣಿತದಲ್ಲಿ ‘ಅಂಥದ್ದೊಂದು ಇದೆ’ ಎಂದು ಸಾಧಿಸಿದರೆ ಪ್ರಮೇಯ ಮುಗಿಯಿತು. ಇಲ್ಲಿ ಕೆಲಸ ಶುರುವಾಗುವುದೇ ಆಮೇಲೆ: ಇದೆ, ಸರಿ, ಹುಡುಕಲು ಎಷ್ಟು ಹೊತ್ತು, ಎಷ್ಟು ಜಾಗ, ಎಷ್ಟು ನಾಣ್ಯ ಚಿಮ್ಮಬೇಕು (ಯಾದೃಚ್ಛಿಕ ಆಯ್ಕೆ ಎಷ್ಟು ಬೇಕು)? ಕ್ಲಾಡ್ ಶಾನನ್ 1949ರಲ್ಲಿ ಬರೀ ಎಣಿಕೆಯಿಂದ ತೋರಿಸಿದ್ದನ್ನು ನೋಡಿ. ಎನ್ ಬಿಟ್‌ಗಳ ಬೂಲಿಯನ್ ಫಲನಗಳಲ್ಲಿ (ಸೊನ್ನೆ-ಒಂದುಗಳನ್ನು ತೆಗೆದುಕೊಂಡು ಸೊನ್ನೆ ಅಥವಾ ಒಂದು ಕೊಡುವವು) ಬಹುಪಾಲಿಗೆ, 2ರ ಘಾತ ಎನ್ ಅನ್ನು ಎನ್‌ನಿಂದ ಭಾಗಿಸಿದಷ್ಟು ಗೇಟ್‌ಗಳ ಸರ್ಕ್ಯೂಟ್ ಹೆಚ್ಚುಕಡಿಮೆ ಬೇಕೇ ಬೇಕು. ಗೇಟ್ ಎಂದರೆ ಒಂದೆರಡು ಬಿಟ್ ಮೇಲಿನ ಸರಳ ತರ್ಕಕ್ರಿಯೆ. ಎನ್ 100 ಇದ್ದರೆ ಅದು 10ರ ಘಾತ 28ನ್ನು ಮೀರುತ್ತದೆ. ವಾದ ಇಷ್ಟೇ: ಫಲನಗಳು ವಿಪರೀತ, ಚಿಕ್ಕ ಸರ್ಕ್ಯೂಟ್‌ಗಳು ಅಷ್ಟಿಲ್ಲ. ಹಾಗಾದರೆ ಅಂಥ ಒಂದು ಫಲನವನ್ನು ಬೆರಳಿಟ್ಟು ತೋರಿಸಿ ಎಂದರೆ? ಎರಡು ಇನ್‌ಪುಟ್‌ಗಳ ಯಾವ ಗೇಟನ್ನಾದರೂ ಬಳಸಬಹುದಾದ ಸರ್ಕ್ಯೂಟ್‌ಗಳಿಗೆ, ಕೈಯಲ್ಲಿ ಹಿಡಿದು ತೋರಿಸಬಲ್ಲ ಫಲನವೊಂದರ ಮೇಲೆ 2022ರಲ್ಲಿ ತಲುಪಿದ ಕೆಳಮಿತಿ (ಇದಕ್ಕಿಂತ ಕಡಿಮೆ ಗೇಟ್ ಸಾಲದು ಎಂಬ ಗೆರೆ) 3.1 ಎನ್ ಆಸುಪಾಸು. 100 ಬಿಟ್‌ಗೆ 310 ಗೇಟ್ ಅಂದುಕೊಳ್ಳಿ. 310ಕ್ಕೂ 10ರ ಘಾತ 28ಕ್ಕೂ ನಡುವಿನ ಆ ಬಯಲಿನಲ್ಲೇ ಈ ಕ್ಷೇತ್ರದ ಅರ್ಧ ಜನ ಅಲೆಯುತ್ತಿರುವುದು.

ಗಣಿತದವರು ಮೊದಲು ಎಡವುವುದು ‘ಬಹುಪದ ಕಾಲ’ ಎಂಬ ಮಾತಿನಲ್ಲಿ. ಅಂದರೆ ಹೆಜ್ಜೆಗಳ ಎಣಿಕೆ ಒಂದು ಬಹುಪದವನ್ನು ಮೀರದಿರುವುದು. ಯಾವುದರ ಬಹುಪದ? ಕೊಟ್ಟ ಸಂಖ್ಯೆಯದಲ್ಲ, ಅದನ್ನು ಬರೆಯಲು ಬೇಕಾದ ಅಂಕಿಗಳ ಎಣಿಕೆಯದು. ಒಂದು ಸಂಖ್ಯೆಯನ್ನು ಅದರ ವರ್ಗಮೂಲದವರೆಗೆ ಭಾಗಿಸುತ್ತ ಹೋಗಿ ಅಪವರ್ತಿಸುವ ಕ್ರಮ ಬೀಜಗಣಿತದ ಕಣ್ಣಿಗೆ ನಿರುಪದ್ರವಿ. ಆದರೆ 100 ಅಂಕಿಗಳ ಸಂಖ್ಯೆಗೆ 10ರ ಘಾತ 50 ಭಾಗಾಕಾರ ಬೇಕು. ಸೆಕೆಂಡಿಗೆ 100 ಕೋಟಿ ಭಾಗಾಕಾರ ಮಾಡಿದರೂ 10ರ ಘಾತ 41 ಸೆಕೆಂಡು. ವಿಶ್ವದ ವಯಸ್ಸು ಇನ್ನೂ 10ರ ಘಾತ 18 ಸೆಕೆಂಡನ್ನು ಮುಟ್ಟಿಲ್ಲ.

ಓದಿನ ಕ್ರಮ ಹೀಗಿರಲಿ. ಮೊದಲ 6–8 ವಾರ ಸಂಭವನೀಯತೆ, ಅದೂ ವಿವಿಕ್ತ ಭಾಗ ಮಾತ್ರ: ಮಾರ್ಕೊವ್, ಚೆಬಿಶೇವ್, ಚೆರ್ನಾಫ್ ಅಸಮಾನತೆಗಳು, ಯೂನಿಯನ್ ಬೌಂಡ್. ಇವು ಕೈಯಲ್ಲೇ ಇರಬೇಕು, ಪುಸ್ತಕ ತೆರೆದು ನೋಡುವಂತಿರಬಾರದು. ಆಮೇಲೆ ಆಲ್ಗಾರಿದಮ್‌ಗಳು; ಅದರಲ್ಲಿ ನೆಟ್‌ವರ್ಕ್ ಫ್ಲೋ, ಲೀನಿಯರ್ ಪ್ರೋಗ್ರಾಮಿಂಗಿನ ದ್ವೈತ ಇವೆರಡನ್ನು ಬಿಡಬೇಡಿ. ನಂತರ ಸಂಕೀರ್ಣತಾ ಸಿದ್ಧಾಂತ. ತರ್ಕಸೂತ್ರವೊಂದನ್ನು ನಿಜವಾಗಿಸಬಹುದೇ ಎಂಬ ‘ತೃಪ್ತಿಕರತೆ ಸಮಸ್ಯೆ’ (ಸ್ಯಾಟ್) ಬಗ್ಗೆ ಸ್ಟೀಫನ್ ಕುಕ್ 1971ರಲ್ಲಿ ಕೊಟ್ಟ ಪ್ರಮೇಯದ ಸಾಧನೆಯನ್ನು (ಪ್ರೂಫ್) ಒಮ್ಮೆ ಖಾಲಿ ಹಾಳೆಯ ಮೇಲೆ ಪೂರ್ತಿ ಬರೆಯಿರಿ. ರಿಚರ್ಡ್ ಕಾರ್ಪ್ 1972ರಲ್ಲಿ ಪಟ್ಟಿ ಮಾಡಿದ 21 ಸಮಸ್ಯೆಗಳಲ್ಲಿ ಆರೇಳು ರಿಡಕ್ಷನ್‌ಗಳನ್ನು ಸ್ವತಃ ಕಟ್ಟಿ; ರಿಡಕ್ಷನ್ ಎಂದರೆ ಒಂದು ಸಮಸ್ಯೆಯನ್ನು ಇನ್ನೊಂದಕ್ಕೆ ಇಳಿಸುವುದು. ದಿಕ್ಕು ತಪ್ಪುವುದು ಇಲ್ಲೇ: ನಿಮ್ಮ ಸಮಸ್ಯೆ ಕಠಿಣ ಎಂದು ತೋರಿಸಬೇಕಿದ್ದರೆ, ಈಗಾಗಲೇ ಕಠಿಣ ಎಂದು ಗೊತ್ತಿರುವುದನ್ನು ನಿಮ್ಮ ಸಮಸ್ಯೆಗೆ ಇಳಿಸಬೇಕು. ಹೊಸಬರು ಉಲ್ಟಾ ಮಾಡಿ, ಏನನ್ನೂ ಸಾಧಿಸದೆ ಎರಡು ಪುಟ ತುಂಬಿಸುತ್ತಾರೆ.

ಪ್ರೋಗ್ರಾಮಿಂಗ್ ಪ್ರಯೋಗಕ್ಕೆ ಆಗುವಷ್ಟು ಬಂದರೆ ಸಾಕು. 4 ಬಿಟ್‌ಗಳ ಬೂಲಿಯನ್ ಫಲನಗಳು 65,536. ಒಂದೊಂದನ್ನೂ ಪರೀಕ್ಷಿಸಿ ಊಹೆ ನಿಲ್ಲುತ್ತದೆಯೇ ನೋಡಲು ಕಣ್ಣು ಮಿಟುಕಿಸುವಷ್ಟು ಹೊತ್ತು. 5 ಬಿಟ್‌ಗೆ ಅವು 429 ಕೋಟಿ ದಾಟುತ್ತವೆ, ಜಾಣತನದಿಂದ ಬರೆದ ಪ್ರೋಗ್ರಾಂ ಸಂಭಾಳಿಸುತ್ತದೆ. 6 ಬಿಟ್‌ಗೆ 10ರ ಘಾತ 19ನ್ನು ಮೀರಿ ಆಟ ಮುಗಿಯುತ್ತದೆ. ಅಲ್ಲಿಂದಾಚೆ ಸ್ಯಾಟ್ ಸಾಲ್ವರ್, ಅಂದರೆ ತೃಪ್ತಿಕರತೆ ಸಮಸ್ಯೆಯನ್ನು ಬಿಡಿಸುವ ಪ್ರೋಗ್ರಾಂ, ಬೇಕು. ಪೈಥಾನ್, ಸೇಜ್‌ಮ್ಯಾಥ್, ಒಂದು ಸ್ಯಾಟ್ ಸಾಲ್ವರ್ – ಇಷ್ಟು ಕೈಗೆ ಹತ್ತಿದರೆ ತಪ್ಪು ಊಹೆಯ ಬೆನ್ನುಹತ್ತಿ ತಿಂಗಳುಗಟ್ಟಲೆ ಕಳೆಯುವುದು ತಪ್ಪುತ್ತದೆ.

ಪ್ರಶ್ನೆ: ಪದವಿ ತರಗತಿಗೆ ರೇಖೀಯ ಬೀಜಗಣಿತ ಕಲಿಸುತ್ತೇನೆ. ‘ಕಂಪ್ಯೂಟರ್ ಸಿದ್ಧಾಂತಕ್ಕೆ ಇದೇ ಬುನಾದಿ’ ಎನ್ನುತ್ತಾರೆ. ವಿದ್ಯಾರ್ಥಿಗಳಿಗೆ ಒಂದೇ ತರಗತಿಯಲ್ಲಿ ತೋರಿಸಬಹುದಾದ, ನಿಜಕ್ಕೂ ಸಂಶೋಧನೆಯ ಮಟ್ಟದ ಉದಾಹರಣೆ ಇದೆಯೇ?

ಇದೆ, ಚಿನ್ನದಂಥದ್ದು. ಸೆನ್ಸಿಟಿವಿಟಿ ಊಹೆ. ನೋಮ್ ನಿಸಾನ್ ಮತ್ತು ಮಾರಿಯೊ ಸೆಗೆಡಿ 1990ರ ದಶಕದ ಆರಂಭದಲ್ಲಿ ಮುಂದಿಟ್ಟದ್ದು. ಒಂದು ಫಲನದಲ್ಲಿ ಒಂದೇ ಬಿಟ್ ತಿರುಗಿಸಿದಾಗ ಉತ್ತರ ಬದಲಾಗುವ ಜಾಗಗಳು ಎಷ್ಟು ಎಂಬುದು ಸೆನ್ಸಿಟಿವಿಟಿ. ಈ ಅಳತೆ, ಫಲನವನ್ನು ಬಹುಪದವಾಗಿ ಬರೆದಾಗಿನ ಡಿಗ್ರಿ ಮುಂತಾದ ಉಳಿದ ಅಳತೆಗಳಿಗಿಂತ ತೀರಾ ಹಿಂದೆ ಬೀಳುವುದಿಲ್ಲ ಎಂಬುದು ಊಹೆ. ಸುಮಾರು ಮೂವತ್ತು ವರ್ಷ ಅಲ್ಲಾಡಲಿಲ್ಲ. 2019ರಲ್ಲಿ ಹಾವ್ ಹ್ವಾಂಗ್ ಬಿಡಿಸಿದರು. ಮುಖ್ಯ ವಾದ ಎರಡೇ ಪುಟ.

ಊಹೆಯನ್ನು ಘನದ ಪ್ರಶ್ನೆಯಾಗಿ ಬದಲಿಸಬಹುದು ಎಂಬುದು 1992ರಿಂದಲೇ ಗೊತ್ತಿತ್ತು. ಎನ್ ಆಯಾಮದ ಘನಕ್ಕೆ 2ರ ಘಾತ ಎನ್ ಮೂಲೆಗಳು. ಒಂದೊಂದು ಮೂಲೆಯೂ ಎನ್ ಬಿಟ್‌ಗಳ ಒಂದು ಸಾಲು, ಒಂದೇ ಬಿಟ್ ಬೇರೆಯಿರುವ ಮೂಲೆಗಳು ಅಕ್ಕಪಕ್ಕದವು. ಸರಿಯಾಗಿ ಅರ್ಧ ಮೂಲೆಗಳನ್ನು, ಯಾವ ಎರಡೂ ಅಕ್ಕಪಕ್ಕ ಬಾರದಂತೆ ಆರಿಸಬಹುದು: 1ರ ಎಣಿಕೆ ಸಮಸಂಖ್ಯೆ ಇರುವವನ್ನು ತೆಗೆದುಕೊಂಡರಾಯಿತು. ಇನ್ನೊಂದೇ ಒಂದು ಮೂಲೆ ಸೇರಿಸಿ. ಆಗ ಆರಿಸಿದವುಗಳಲ್ಲಿ ಯಾವುದೋ ಒಂದಕ್ಕೆ, ಆರಿಸಿದವುಗಳೊಳಗೇ ಕನಿಷ್ಠ ಎನ್‌ನ ವರ್ಗಮೂಲದಷ್ಟು ನೆರೆಯವರು ಇದ್ದೇ ಇರುತ್ತಾರೆ ಎನ್ನುವುದು ಹ್ವಾಂಗ್ ಪ್ರಮೇಯ. ಮೊದಲ ಅರ್ಧವನ್ನು ಹೇಗೇ ಆರಿಸಿದ್ದರೂ ಸರಿ.

ಕಪ್ಪುಹಲಗೆಯ ಮೇಲೆ ಹೀಗೆ. 2×2 ಮಾತೃಕೆಯಿಂದ ಶುರು ಮಾಡಿ: ಮೊದಲ ಸಾಲು 0, 1, ಎರಡನೆಯದು 1, 0. ಮುಂದಿನದನ್ನು ನಾಲ್ಕು ಚೌಕಗಳಾಗಿ ಕಟ್ಟಿ: ಎಡಮೇಲೆ ಹಿಂದಿನ ಮಾತೃಕೆ, ಬಲಕೆಳಗೆ ಅದರದೇ ಋಣ, ಉಳಿದೆರಡು ಕಡೆ ಏಕಮಾತೃಕೆ. ಚಿಹ್ನೆ ಬಿಟ್ಟು ನೋಡಿದರೆ ಇದು ಘನದ ಅಂಚುಗಳ ಪಟ್ಟಿಯೇ. ಚಿಹ್ನೆಯ ಕೈಚಳಕ ವರ್ಗ ಮಾಡಿದಾಗ ಕಾಣುತ್ತದೆ: ಘನದ ಪ್ರತಿ ಚೌಕದಲ್ಲಿ ಎದುರುಬದುರು ಮೂಲೆಗಳ ನಡುವಿನ ಎರಡು ದಾರಿಗಳು ಒಂದನ್ನೊಂದು ಹೊಡೆದುಹಾಕಿ, ಕರ್ಣದ ಮೇಲೆ ಎನ್ ಮಾತ್ರ ಉಳಿಯುತ್ತದೆ. ಅಂದರೆ ಐಗನ್ ಮೌಲ್ಯಗಳು ಎನ್‌ನ ಧನ ಮತ್ತು ಋಣ ವರ್ಗಮೂಲ. ಕರ್ಣದ ಮೊತ್ತ ಸೊನ್ನೆಯಾದ್ದರಿಂದ ಎರಡೂ ಸಮಪಾಲು. ಧನ ಮೌಲ್ಯದ ಐಗನ್ ಆಕಾಶದ ಆಯಾಮ ಒಟ್ಟಿನ ಅರ್ಧ. ಆರಿಸಿದ ಮೂಲೆಗಳ ಹೊರಗೆ ಸೊನ್ನೆಯಾಗಿರುವ ಸದಿಶಗಳ ಆಯಾಮ ಅರ್ಧಕ್ಕೆ ಒಂದು ಹೆಚ್ಚು. ಎರಡನ್ನೂ ಕೂಡಿದರೆ ಒಟ್ಟು ಆಯಾಮವನ್ನು ಮೀರುತ್ತದೆ. ಹಾಗಾಗಿ ಎರಡರಲ್ಲೂ ಇರುವ, ಸೊನ್ನೆಯಲ್ಲದ ಸದಿಶವೊಂದು ಸಿಕ್ಕೇ ಸಿಗುತ್ತದೆ. ಅದರಲ್ಲಿ ಚಿಹ್ನೆ ಬಿಟ್ಟು ಅತಿ ದೊಡ್ಡ ಬೆಲೆಯಿರುವ ಮೂಲೆಯನ್ನು ಹಿಡಿಯಿರಿ. ಆ ಬೆಲೆಯ ವರ್ಗಮೂಲ-ಎನ್ ಪಟ್ಟು, ಅದರ ನೆರೆಯವರ ಬೆಲೆಗಳನ್ನು ಚಿಹ್ನೆಸಹಿತ ಕೂಡಿದ್ದಕ್ಕೆ ಸಮ. ನೆರೆಯವರಲ್ಲಿ ಯಾರೂ ಅದಕ್ಕಿಂತ ದೊಡ್ಡವರಲ್ಲ. ಹಾಗಾಗಿ ನೆರೆಯವರ ಎಣಿಕೆಯೇ ವರ್ಗಮೂಲ-ಎನ್ ಆದರೂ ಇರಬೇಕು. ಮುಗಿಯಿತು.

ಎನ್ 2 ಇರುವಾಗ ಕೈಯಲ್ಲೇ ನೋಡಿ: ಚೌಕದ ಮೂರು ಮೂಲೆ ಆರಿಸಿದರೆ ನಡುವಿನದಕ್ಕೆ ಇಬ್ಬರು ನೆರೆಯವರು, 1.41ಕ್ಕಿಂತ ಹೆಚ್ಚೇ. ಈ ಮಿತಿಯನ್ನು ಇನ್ನು ಬಿಗಿಗೊಳಿಸಲು ಆಗುವುದಿಲ್ಲ ಎಂಬುದಕ್ಕೆ ಉದಾಹರಣೆ 1988ರಲ್ಲೇ ಸಿಕ್ಕಿತ್ತು. ಆಯಾಮಗಳನ್ನು ಕೂಡುವ ಸೂತ್ರ ಪರೀಕ್ಷೆಗೆ ಉರುಹೊಡೆಯುವ ಸಾಮಗ್ರಿ ಎಂದುಕೊಂಡ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ತಿಳಿಯದು.

ಪ್ರಶ್ನೆ: ಗಣಿತ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ‘ಜರ್ನಲ್ ಮಾತ್ರ ಲೆಕ್ಕಕ್ಕೆ’ ಎನ್ನುತ್ತಾರೆ ಗೈಡ್. ಕಂಪ್ಯೂಟರ್ ವಿಭಾಗದ ಗೆಳತಿಯರು ‘ಕಾನ್ಫರೆನ್ಸ್‌ಗೆ ಕಳಿಸು’ ಎನ್ನುತ್ತಾರೆ. ಯಾರ ಮಾತು ಕೇಳಲಿ? ನನ್ನ ಹೆಸರು ಅಕ್ಷರಮಾಲೆಯಲ್ಲಿ ಕೊನೆಗೆ ಬರುತ್ತದೆ; ಪೇಪರ್‌ನಲ್ಲಿ ಹಿಂದೆ ಬಿದ್ದರೆ ನಷ್ಟವೇ?

ಅವರವರ ಮನೆಯಲ್ಲಿ ಅವರವರ ಮಾತು ಸರಿ. ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನದಲ್ಲಿ ಫಲಿತಾಂಶ ಮೊದಲು ಕಾಣಿಸಿಕೊಳ್ಳುವುದು ಕಾನ್ಫರೆನ್ಸ್‌ನಲ್ಲೇ. ಎರಡು ದೊಡ್ಡವು: 1960ರಲ್ಲಿ ಶುರುವಾದ ಫಾಕ್ಸ್ (FOCS), 1969ರ ಸ್ಟಾಕ್ (STOC). ಸ್ಟಾಕ್‌ಗೆ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಕಳಿಸಬೇಕು, ಸಭೆ ಜೂನ್ ಆಸುಪಾಸು. ಫಾಕ್ಸ್‌ಗೆ ಏಪ್ರಿಲ್, ಸಭೆ ವರ್ಷದ ಕೊನೆಯ ಭಾಗದಲ್ಲಿ. ತೀರ್ಪು ಸುಮಾರು ಮೂರು ತಿಂಗಳಲ್ಲಿ ಬರುತ್ತದೆ. ಗಣಿತದ ಜರ್ನಲ್‌ನಲ್ಲಿ ಅದೇ ಕೆಲಸಕ್ಕೆ ಒಂದು, ಎರಡು ವರ್ಷ ಕಾಯುವುದು ಮಾಮೂಲು. ನಿಮಗೆ ಮುಂದೆ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಬೇಕಿದ್ದರೆ ಕಾನ್ಫರೆನ್ಸ್ ಬಿಡುವಂತಿಲ್ಲ. ಗಣಿತ ವಿಭಾಗ ಬೇಕಿದ್ದರೆ ಜರ್ನಲ್ ಬಿಡುವಂತಿಲ್ಲ. ಎರಡನ್ನೂ ತೆರೆದಿಟ್ಟುಕೊಳ್ಳಬೇಕೆ? ಮೊದಲು ಕಾನ್ಫರೆನ್ಸ್, ಅದಾದ ಆರು ತಿಂಗಳೊಳಗೆ ಪೂರ್ಣ ಸಾಧನೆಗಳಿರುವ ಆವೃತ್ತಿ ಜರ್ನಲ್‌ಗೆ. ಕಳಿಸುವ ಪತ್ರದಲ್ಲಿ ‘ಇದರ ಆರಂಭಿಕ ರೂಪ ಇಂಥ ಸಭೆಯಲ್ಲಿ ಬಂದಿದೆ’ ಎಂದು ಸಂಪಾದಕರಿಗೆ ಮುಂಚೆಯೇ ತಿಳಿಸಿ. ಒಂದೇ ಪೇಪರ್ ಏಕಕಾಲಕ್ಕೆ ಎರಡು ಕಾನ್ಫರೆನ್ಸ್‌ಗೆ ಹೋಗುವಂತಿಲ್ಲ. ಸಿಕ್ಕಿಬಿದ್ದರೆ ಎರಡೂ ಕಡೆ ತಿರಸ್ಕಾರ.

ಬರವಣಿಗೆಯಲ್ಲಿ ಗಣಿತದವರು ಮಾಡುವ ತಪ್ಪು ಗುರುತು ಹಿಡಿಯುವುದು ಸುಲಭ: ಆರು ಪುಟ ವ್ಯಾಖ್ಯೆ, ಏಳನೆಯ ಪುಟದಲ್ಲಿ ಪ್ರಮೇಯ. ಸಮಿತಿಯವರ ಮೇಜಿನ ಮೇಲೆ ಒಬ್ಬೊಬ್ಬರಿಗೂ ಹತ್ತಾರು ಪೇಪರ್ ಇರುತ್ತವೆ. ಅವರು ಗಮನವಿಟ್ಟು ಓದುತ್ತಾರೆ ಎಂದು ನಂಬಬಹುದಾದ್ದು ಮೊದಲ ಹತ್ತು ಪುಟ. ಹಾಗಾಗಿ ಪ್ರಶ್ನೆ ಮೊದಲ ಪುಟದಲ್ಲಿ. ಮುಖ್ಯ ಪ್ರಮೇಯ, ಈ ಹಿಂದಿನ ಅತ್ಯುತ್ತಮ ಮಿತಿಯ ಪಕ್ಕದಲ್ಲೇ, ಎರಡನೆಯ ಪುಟ ದಾಟುವ ಮೊದಲು. ಆಮೇಲೆ ಮೂರ್ನಾಲ್ಕು ಪುಟ ಸಾಧನೆಯ ಹಂದರ, ಅದೂ ಅತಿ ಸರಳವಾದ, ಆದರೆ ಹೊಸ ಉಪಾಯ ಕಾಣುವ ಒಂದು ವಿಶೇಷ ಪ್ರಸಂಗ ಹಿಡಿದು. ಹಳೆಯ ವಿಧಾನ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಒಂದು ಪ್ಯಾರಾದಲ್ಲಿ ಸ್ಪಷ್ಟವಾಗಿ ಹೇಳಿ. ‘ಹೊಸತೇನು’ ಎಂಬ ಆಕ್ಷೇಪಕ್ಕೆ ಅದೇ ಉತ್ತರ. ತಿರಸ್ಕೃತವಾದರೆ ಒಂದಕ್ಷರ ಬದಲಿಸದೆ ಮುಂದಿನ ಸಭೆಗೆ ನೂಕಬೇಡಿ. ಕ್ಷೇತ್ರ ಚಿಕ್ಕದು, ಅದೇ ವಿಮರ್ಶಕರ ಕೈಗೆ ಮತ್ತೆ ಬೀಳುವ ಸಂಭವ ಹೆಚ್ಚು.

ಗಣಿತದವರು ಕಾನ್ಫರೆನ್ಸ್ ಬಗ್ಗೆ ಮೂಗು ಮುರಿಯುವುದಕ್ಕೂ ಕಾರಣ ಇದೆ: ಮೂರು ತಿಂಗಳಲ್ಲಿ 60 ಪುಟದ ಸಾಧನೆಯನ್ನು ಯಾರೂ ಸಾಲುಸಾಲಾಗಿ ಪರೀಕ್ಷಿಸುವುದಿಲ್ಲ. ‘ಪೂರ್ಣ ಆವೃತ್ತಿ ಮುಂದೆ ಬರಲಿದೆ’ ಎಂದು ಬರೆದು ಅದು ಎಂದೂ ಬಾರದಿರುವುದು ಈ ಕ್ಷೇತ್ರದ ಹಳೆಯ ರೋಗ. ದೊಡ್ಡವರ ಕೆಲಸದಲ್ಲೂ ಬಿರುಕು ಇರಬಹುದು. ಲಾಸ್ಲೊ ಬಾಬಾಯ್ 2015ರ ಕೊನೆಯಲ್ಲಿ ಗ್ರಾಫ್ ಐಸೊಮಾರ್ಫಿಸಂ ಸಮಸ್ಯೆಗೆ (ಎರಡು ಗ್ರಾಫ್, ಅಂದರೆ ಬಿಂದು-ಗೆರೆಗಳ ಜಾಲ, ಒಂದೇ ರಚನೆಯವೇ ಎಂಬ ಪ್ರಶ್ನೆ) ಅಚ್ಚರಿಯ ವೇಗದ ಆಲ್ಗಾರಿದಮ್ ಪ್ರಕಟಿಸಿದರು. ಹರಾಲ್ಡ್ ಹೆಲ್ಫ್‌ಗಾಟ್ ಅದನ್ನು ಸಾಲುಸಾಲಾಗಿ ಓದುವಾಗ ಸಮಯದ ಲೆಕ್ಕದಲ್ಲಿ ದೋಷ ಸಿಕ್ಕಿತು. 2017ರ ಜನವರಿಯಲ್ಲಿ ಬಾಬಾಯ್ ತಮ್ಮ ಹೇಳಿಕೆಯನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು. ಒಂದೇ ವಾರದೊಳಗೆ ಸರಿಪಡಿಸಿದರು. ದೋಷ ಸಿಕ್ಕಾಗ ನಡೆದುಕೊಳ್ಳಬೇಕಾದ್ದೂ ಹೀಗೆಯೇ: ಪೇಪರ್‌ಗಳನ್ನು ಮುಕ್ತವಾಗಿ ಹಾಕುವ ಜಾಲತಾಣ ಆರ್ಕೈವ್‌ನಲ್ಲಿರುವ ಪ್ರತಿಯ ಮೇಲೆ ಅದೇ ದಿನ ಟಿಪ್ಪಣಿ, ಆಮೇಲೆ ದುರಸ್ತಿ.

ಹೆಸರಿನ ಚಿಂತೆ ಬಿಡಿ. ಗಣಿತದ ಹಾಗೆ ಇಲ್ಲೂ ಅಕ್ಷರಕ್ರಮವೇ ರೂಢಿ, ಮೊದಲ ಹೆಸರಿಗೆ ಹೆಚ್ಚಿನ ಬೆಲೆಯಿಲ್ಲ. ಬೇರೆ ಶಾಖೆಯವರು ಕೂರುವ ಆಯ್ಕೆ ಸಮಿತಿಗೆ ಅರ್ಜಿ ಹಾಕುವಾಗ ಮಾತ್ರ ‘ಲೇಖಕರ ಹೆಸರು ಅಕ್ಷರಕ್ರಮದಲ್ಲಿದೆ’ ಎಂದು ಪಟ್ಟಿಯ ತಲೆಯಲ್ಲಿ ಒಂದು ಸಾಲು ಹಾಕಿ.

ಪ್ರಶ್ನೆ: ಪಿಎಚ್.ಡಿ. ಎರಡನೆಯ ವರ್ಷ. ಒಂದೇ ಕೆಳಮಿತಿಯ ಸಮಸ್ಯೆಗೆ ಎಂಟು ತಿಂಗಳಿಂದ ಅಂಟಿಕೊಂಡಿದ್ದೇನೆ. ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಬಿಡಲೋ, ಹಿಡಿಯಲೋ?

ಹೊಸ ಲೆಮ್ಮಾ ಇರಲಿ, ಹೊಸ ಪ್ರತ್ಯುದಾಹರಣೆ ಕೂಡ ಮೂರು ತಿಂಗಳಿಂದ ಸಿಕ್ಕಿಲ್ಲ ಎಂದಾದರೆ ಪಕ್ಕಕ್ಕಿಡಿ. ಇಡುವ ಮೊದಲು ಎರಡು ಪುಟ ಬರೆಯಿರಿ: ಏನೇನು ಪ್ರಯತ್ನಿಸಿದಿರಿ, ಪ್ರತಿಯೊಂದೂ ಯಾವ ಸಾಲಿನಲ್ಲಿ ಮುರಿಯಿತು. ಎರಡು ವರ್ಷದ ನಂತರ ಹೊಸ ಉಪಕರಣ ಸಿಕ್ಕಾಗ ಆ ಎರಡು ಪುಟ ಬಂಗಾರ.

ಪಕ್ಕಕ್ಕಿಡದೆ ಹಿಡಿಯುವುದಾದರೆ ದಾರಿ ಬದಲಿಸಿ. ಒಂದು ವಾರ ಸಾಧಿಸಲು ನೋಡಿ, ಮುಂದಿನ ವಾರ ಪ್ರಾಮಾಣಿಕವಾಗಿ ಅಲ್ಲಗಳೆಯಲು ನೋಡಿ. ಯಂತ್ರವನ್ನು ದುರ್ಬಲಗೊಳಿಸಿ: ಎಲ್ಲ ಸರ್ಕ್ಯೂಟ್‌ಗಳ ಮೇಲೆ ಆಗದ್ದು ನಿಗದಿತ ಆಳದ ಸರ್ಕ್ಯೂಟ್‌ಗಳ ಮೇಲೆ ಆದೀತು. 1ರ ಎಣಿಕೆ ಬೆಸವೋ ಸಮವೋ ಎಂಬ ಫಲನಕ್ಕೆ 1980ರ ದಶಕದಲ್ಲಿ ಬಂದ ಪ್ರಸಿದ್ಧ ಕೆಳಮಿತಿಗಳು ಹಾಗೆ ಸಿಕ್ಕವೇ. ಇನ್ನೊಂದು, ಅದೇ ವಸ್ತುವಿಗೆ ಬೇರೆ ಊರಿನಲ್ಲಿ ಬೇರೆ ಹೆಸರಿರುತ್ತದೆ. ಕಂಪ್ಯೂಟರಿನವರು ‘ಎಕ್ಸ್‌ಪ್ಯಾಂಡರ್’ ಎನ್ನುವ, ಕಡಿಮೆ ಗೆರೆಗಳಿದ್ದೂ ಗಟ್ಟಿಯಾಗಿ ಹೆಣೆದ ಗ್ರಾಫ್‌ಗಳನ್ನು ಗ್ರೆಗರಿ ಮಾರ್ಗುಲಿಸ್ 1973ರಲ್ಲಿ ಮೊದಲು ಕೈಯಾರೆ ಕಟ್ಟಿಕೊಟ್ಟದ್ದು ಸಮೂಹ ಸಿದ್ಧಾಂತದ ಕಾಝ್ದಾನ್ ಗುಣದಿಂದ. ನಿಮ್ಮ ಸಮಸ್ಯೆಯನ್ನು ಕ್ಷೇತ್ರದ ಪರಿಭಾಷೆ ಬಿಟ್ಟು ಬರೀ ಗಣಿತದ ಮಾತಿನಲ್ಲಿ ಬರೆದು ಗಣಿತ ವಿಭಾಗದ ಮೂವರಿಗೆ ತೋರಿಸಿ.

ಮೂರು ಕೆಲಸ ಸದಾ ಒಲೆಯ ಮೇಲಿರಲಿ: ಒಂದು ಬೇಯಲಾರದ್ದು, ಒಂದು ಆರು ತಿಂಗಳಲ್ಲಿ ಬೇಯುವಂಥದ್ದು, ಒಂದು ಸುಮ್ಮನೆ ಓದುವುದು. ಒಂದೇ ಒಂದು ಕಷ್ಟದ ಸಮಸ್ಯೆಯ ಮೇಲೆ ಪಿಎಚ್.ಡಿ. ಪೂರ್ತಿ ಪಣಕ್ಕಿಡುವುದು ಧೈರ್ಯವೆನಿಸಬಹುದು. ನಮ್ಮ ಕಣ್ಣಿಗೆ ಅದು ಲೆಕ್ಕ ತಪ್ಪಿದ ಜೂಜು.

ಪ್ರಶ್ನೆ: ನಿವೃತ್ತ ಇಂಜಿನಿಯರ್. ಪಿ ಮತ್ತು ಎನ್‌ಪಿ ಒಂದೇ ಅಲ್ಲ ಎಂದು 14 ಪುಟಗಳಲ್ಲಿ ಸಾಧಿಸಿದ್ದೇನೆ. ಹತ್ತು ಲಕ್ಷ ಡಾಲರ್ ಬಹುಮಾನಕ್ಕೆ ಎಲ್ಲಿಗೆ ಕಳಿಸಬೇಕು?

(ಓದುಗರಿಗೆ: ಪಿ ಎಂದರೆ ಬಹುಪದ ಕಾಲದಲ್ಲಿ ಬಿಡಿಸಬಹುದಾದ ಸಮಸ್ಯೆಗಳು, ಎನ್‌ಪಿ ಎಂದರೆ ಉತ್ತರ ಕೊಟ್ಟರೆ ಅದನ್ನು ಬಹುಪದ ಕಾಲದಲ್ಲಿ ಸರಿನೋಡಬಹುದಾದವು.) ಬಹುಮಾನ ಇಟ್ಟಿರುವ ಕ್ಲೇ ಸಂಸ್ಥೆಗೆ ನೇರವಾಗಿ ಕಳಿಸುವಂತಿಲ್ಲ. ವಿಮರ್ಶೆಗೊಳಪಡುವ ಪ್ರಕಟಣೆಯಲ್ಲಿ ಬಂದು, ಕನಿಷ್ಠ ಎರಡು ವರ್ಷ ಕಳೆದು, ಗಣಿತ ಲೋಕ ಒಪ್ಪಿದ ಮೇಲಷ್ಟೇ ಅವರು ಪರಿಗಣಿಸುವುದು. ಅಂಚೆಗೆ ಹಾಕುವ ಮೊದಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ ಸರ್.

ನಿಮ್ಮ 14 ಪುಟದಲ್ಲಿ ‘ಯಾವ ಆಲ್ಗಾರಿದಮ್ ಆದರೂ ಎಲ್ಲ ಸಾಧ್ಯತೆಗಳನ್ನೂ ನೋಡಲೇಬೇಕು’ ಎಂಬ ಅರ್ಥದ ಸಾಲು ಇದೆಯೇ ಹುಡುಕಿ. ಇದ್ದರೆ, ಸಾಧಿಸಬೇಕಾದ್ದನ್ನೇ ಊಹಿಸಿಕೊಂಡಿದ್ದೀರಿ. ಆಮೇಲೆ ನಿಮ್ಮ ವಾದದಲ್ಲಿ ‘ತೃಪ್ತಿಕರತೆ ಸಮಸ್ಯೆ’ ಬರುವ ಕಡೆಯೆಲ್ಲ, ಎನ್ ಚರಾಕ್ಷರಗಳ, ಸೊನ್ನೆ-ಒಂದರ ಬೆಸ-ಸಮ ಸಮೀಕರಣಗಳ ಗುಂಪನ್ನು ಇಟ್ಟು ಮತ್ತೆ ಓದಿ. ಅಲ್ಲೂ ಸಾಧ್ಯತೆಗಳು 2ರ ಘಾತ ಎನ್. ಅಲ್ಲೂ ಉತ್ತರಗಳು ಒಂದಕ್ಕೊಂದು ದೂರ ದೂರ ಚದುರಿರಬಹುದು. ಆದರೆ ಶಾಲೆಯಲ್ಲಿ ಕಲಿತ ಗೌಸ್ ಕ್ರಮ ಅದನ್ನು ಎನ್‌ನ ಘನದಷ್ಟು ಹೆಜ್ಜೆಗಳಲ್ಲಿ ಬಿಡಿಸಿಬಿಡುತ್ತದೆ. ನಿಮ್ಮ ವಾದ ಇದಕ್ಕೂ ಹಾಗೇ ಹೊಂದಿಕೊಂಡರೆ ಅದು ಸುಳ್ಳನ್ನು ಸಾಧಿಸುತ್ತಿದೆ ಎಂದರ್ಥ. ಗ್ರಾಫ್‌ನಲ್ಲಿ ಎಲ್ಲ ಶೃಂಗಗಳನ್ನೂ ಜೋಡಿ ಜೋಡಿಯಾಗಿಸುವ ಸಮಸ್ಯೆಯನ್ನೂ ಹಾಗೆಯೇ ಇಟ್ಟು ನೋಡಿ. ಅದಕ್ಕೆ ಜ್ಯಾಕ್ ಎಡ್ಮಂಡ್ಸ್ 1965ರಲ್ಲೇ ಬಹುಪದ ಕಾಲದ ದಾರಿ ಕೊಟ್ಟಿದ್ದಾರೆ.

ಇವನ್ನು ದಾಟಿದರೆ ದೊಡ್ಡ ಬೇಲಿಗಳು, ಅಂದರೆ ಇಂತಿಂಥ ಬಗೆಯ ವಾದದಿಂದ ಈ ಪ್ರಶ್ನೆ ಬಗೆಹರಿಯದು ಎಂಬ ಫಲಿತಾಂಶಗಳು: 1975ರಲ್ಲಿ ಬೇಕರ್, ಗಿಲ್, ಸೊಲೊವೆ ತೋರಿಸಿದ ಆರಕಲ್ ತಡೆ, 1994ರಲ್ಲಿ ರಜ್ಬೊರೊವ್ ಮತ್ತು ರುಡಿಚ್ ತೋರಿಸಿದ ‘ಸಹಜ ಸಾಧನೆ’ಗಳ ತಡೆ, 2008ರಲ್ಲಿ ಆರನ್‌ಸನ್ ಮತ್ತು ವಿಗ್ಡರ್ಸನ್ ಸೇರಿಸಿದ ಮೂರನೆಯದು. ನಿಮ್ಮ ವಾದ ಯಾವ ಪುಟದಲ್ಲಿ ಈ ಮೂರನ್ನೂ ತಪ್ಪಿಸಿಕೊಳ್ಳುತ್ತದೆ ಎಂದು ಬೆರಳಿಟ್ಟು ತೋರಿಸಲಾಗದಿದ್ದರೆ ಪರಿಣತರು ಎರಡನೆಯ ಪುಟ ತಿರುವುವುದಿಲ್ಲ. ಅದು ಅಹಂಕಾರವಲ್ಲ, ಸಮಯದ ಲೆಕ್ಕ.

ಪ್ರಶ್ನೆ: ಮಗಳು ಗಣಿತದಲ್ಲಿ ಜಾಣೆ. ಇದೇ ವಿಷಯದಲ್ಲಿ ಸಂಶೋಧನೆ ಮಾಡುತ್ತೇನೆ ಎನ್ನುತ್ತಾಳೆ. ಹೊಟ್ಟೆಪಾಡು ಹೇಗೆ? ಎಷ್ಟು ವರ್ಷಕ್ಕೆ ಒಂದು ನೆಲೆ ಸಿಗುತ್ತದೆ?

ನೇರವಾಗಿ ಹೇಳುತ್ತೇವೆ. ಪಿಎಚ್.ಡಿ.ಗೆ ನಾಲ್ಕರಿಂದ ಆರು ವರ್ಷ. ಆಮೇಲೆ ಪೋಸ್ಟ್‌ಡಾಕ್, ಅಂದರೆ ತಾತ್ಕಾಲಿಕ ಸಂಶೋಧನಾ ಹುದ್ದೆ, ಒಂದೊಂದು ಎರಡು-ಮೂರು ವರ್ಷದ್ದು, ಹಲವರು ಎರಡು ಮಾಡುತ್ತಾರೆ. ಖಾಯಂ ಹುದ್ದೆ ಮೂವತ್ತರ ನಂತರ ಎಂದೇ ಇಟ್ಟುಕೊಳ್ಳಿ, ಅದೂ ಎಲ್ಲರಿಗೂ ಸಿಗುವುದಿಲ್ಲ. ಈ ನಡುವೆ ಊರು, ದೇಶ ಬದಲಾಗುತ್ತಲೇ ಇರುತ್ತದೆ. ಕುಟುಂಬ ಮುಂಚೆಯೇ ಮಾತಾಡಿಕೊಳ್ಳಬೇಕಾದ್ದು ಸಂಬಳಕ್ಕಿಂತ ಈ ಅಲೆದಾಟವನ್ನು.

ಅರ್ಜಿಯ ಋತು ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜನವರಿ, ಕೆಲಸ ಶುರುವಾಗುವುದು ಮುಂದಿನ ಆಗಸ್ಟ್–ಸೆಪ್ಟೆಂಬರ್‌ಗೆ. ಮೂರು ಅಥವಾ ನಾಲ್ಕು ಶಿಫಾರಸು ಪತ್ರ ಬೇಕು. ಅದರಲ್ಲಿ ಒಂದಾದರೂ ಗೈಡ್ ಇರುವ ಸಂಸ್ಥೆಯ ಹೊರಗಿನವರದ್ದು ಇರಲಿ, ಇಲ್ಲದಿದ್ದರೆ ‘ಮನೆಯವರೇ ಹೊಗಳಿದ್ದಾರೆ’ ಎಂದಾಗುತ್ತದೆ. ಕೇಳುವುದು ಕಡೇಪಕ್ಷ ಒಂದು ತಿಂಗಳು ಮುಂಚೆ. ಸಂದರ್ಶನದ ಉಪನ್ಯಾಸದಲ್ಲಿ ಮೊದಲ 15 ನಿಮಿಷ ಬೇರೆ ಶಾಖೆಯವರಿಗೂ ಅರ್ಥವಾಗಬೇಕು. ಸಾಧನೆಯ ತಾಂತ್ರಿಕ ಭಾಗಕ್ಕೆ ಹತ್ತು ನಿಮಿಷ ಸಾಕು. ಗಣಿತದಿಂದ ಬಂದವರು ಇದನ್ನೇ ನಲವತ್ತು ನಿಮಿಷ ಎಳೆದು ಕೆಲಸ ಕಳೆದುಕೊಳ್ಳುತ್ತಾರೆ.

ಗಣಿತ ವಿಭಾಗ, ಕಂಪ್ಯೂಟರ್ ವಿಭಾಗ ಎರಡರಲ್ಲೂ ಬಾಗಿಲು ಇದೆ. ಒಂದರಲ್ಲಿ ಕಲನಶಾಸ್ತ್ರ ಕಲಿಸಬೇಕು, ಇನ್ನೊಂದರಲ್ಲಿ ನೂರಾರು ಮಕ್ಕಳ ಆಲ್ಗಾರಿದಮ್ ತರಗತಿ.

ವಿಶ್ವವಿದ್ಯಾಲಯದ ಹೊರಗೆ ಮುಖ್ಯವಾಗಿ ಕ್ರಿಪ್ಟೋಗ್ರಫಿ (ಗೂಢಲಿಪಿ ವಿಜ್ಞಾನ), ಕಂಪನಿಗಳ ಸಂಶೋಧನಾಲಯಗಳು. ಪೀಟರ್ ಶೋರ್ 1994ರಲ್ಲಿ ಕ್ವಾಂಟಂ ಅಪವರ್ತನ ಆಲ್ಗಾರಿದಮ್ ಕಂಡುಹಿಡಿದದ್ದು ಬೆಲ್ ಲ್ಯಾಬ್ಸ್‌ನಲ್ಲಿದ್ದಾಗಲೇ. ಈಗಿನ ಗೂಢಲಿಪಿಗಳನ್ನು ಕ್ವಾಂಟಂ ಕಂಪ್ಯೂಟರ್ ಮುರಿದೀತು ಎಂದು ಅದರಿಂದ ಹುಟ್ಟಿದ ಭಯಕ್ಕೆ ಉತ್ತರವಾಗಿ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2024ರ ಆಗಸ್ಟ್‌ನಲ್ಲಿ ಮೂರು ಹೊಸ ಮಾನಕಗಳನ್ನು ಹೊರಡಿಸಿತು. ಎರಡಕ್ಕೆ ಆಧಾರ ಲ್ಯಾಟಿಸ್‌ಗಳ (ಕ್ರಮವಾಗಿ ಹರಡಿದ ಬಿಂದುಜಾಲಗಳ) ಗಣಿತ. ಇಲ್ಲಿ ಶುದ್ಧ ಗಣಿತ ಎಷ್ಟು ಹರಿತ ಎಂಬುದಕ್ಕೆ ಸೈಕ್ ಎಂಬ ಗೂಢಲಿಪಿ ವ್ಯವಸ್ಥೆಯ ಗತಿ ನೋಡಿ. 2022ರ ಜುಲೈ ಆರಂಭದಲ್ಲಿ ಅದು ನಿಸ್ಟ್‌ನ ಆಯ್ಕೆಯ ನಾಲ್ಕನೆಯ ಸುತ್ತಿಗೆ ಏರಿತು. ಅದೇ ತಿಂಗಳ ಕೊನೆಗೆ ಕಾಸ್ಟ್ರಿಕ್ ಮತ್ತು ಡೆಕ್ರು ಅದರ ಒಂದು ಆವೃತ್ತಿಯನ್ನು ಸಾಮಾನ್ಯ ಕಂಪ್ಯೂಟರಿನ ಒಂದೇ ಕೋರ್‌ನಲ್ಲಿ ಸುಮಾರು ಒಂದು ಗಂಟೆಯಲ್ಲಿ ಮುರಿದರು. ಅವರು ಬಳಸಿದ ಆಯುಧ 1997ರ ಒಂದು ಪ್ರಮೇಯ; ಅರ್ನ್ಸ್ಟ್ ಕಾನಿ ಅವರದು, ಬೀಜೀಯ ವಕ್ರರೇಖೆಗಳ ಲೋಕದ್ದು.

ಹಾಗೆಂದು ಸುಂದರ ಪ್ರಮೇಯವೆಲ್ಲ ಬಳಕೆಗೆ ಬರುತ್ತದೆ ಎಂದಲ್ಲ. ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ 2002ರಲ್ಲಿ ಅವಿಭಾಜ್ಯತೆಯನ್ನು ನಾಣ್ಯ ಚಿಮ್ಮದೆ ಬಹುಪದ ಕಾಲದಲ್ಲಿ ಪರೀಕ್ಷಿಸಬಹುದೆಂದು ತೋರಿಸಿದ್ದು ಈ ಕ್ಷೇತ್ರದ ಶಿಖರಗಳಲ್ಲೊಂದು. ಕಂಪನಿಗಳ ಪ್ರೋಗ್ರಾಂಗಳು ಇಂದಿಗೂ ಬಳಸುವುದು ನಾಣ್ಯ ಚಿಮ್ಮುವ ಹಳೆಯ ಮಿಲ್ಲರ್–ರೇಬಿನ್ ಕ್ರಮವನ್ನೇ. ಯಾವ ಭಾಜ್ಯ ಸಂಖ್ಯೆಗಾದರೂ ಒಂದು ಸುತ್ತಿನಲ್ಲಿ ಮೋಸಹೋಗುವ ಸಾಧ್ಯತೆ ಹೆಚ್ಚೆಂದರೆ ನಾಲ್ಕರಲ್ಲಿ ಒಂದು. 40 ಸುತ್ತಿಗೆ ಅದು 2ರ ಘಾತ 80ರಲ್ಲಿ ಒಂದು. ವೇಗವೂ ಬಹಳ ಹೆಚ್ಚು. ಕೆಲಸ ಕೊಡುವವರಿಗೆ ಬೇಕಾದ್ದು ಇಂಥ ವಿವೇಚನೆ. ಮಗಳಿಗೆ ಹೇಳಿ: ಪಿಎಚ್.ಡಿ. ನಡುವೆ ಒಂದು ಆಲ್ಗಾರಿದಮ್ಮನ್ನಾದರೂ ಸ್ವತಃ ಕೋಡ್ ಬರೆದು, ಓಡಿಸಿ, ಅಳೆದು, ಬೇರೆಯವರು ನೋಡುವಂತೆ ಇಡಲಿ.

ಪ್ರಶ್ನೆ: ನನಗೆ 34. ಹತ್ತು ವರ್ಷ ಸಾಫ್ಟ್‌ವೇರ್ ಕೆಲಸ. ಈಗ ಹೊರಳಿದರೆ ತಡವೇ?

ತಲೆಗೆ ತಡವಲ್ಲ. ವಯಸ್ಸಿನ ಗೆರೆ ಇರುವುದು ಪದಕಗಳಿಗೆ: ಈ ಕ್ಷೇತ್ರದ ಅಬಾಕಸ್ ಪದಕಕ್ಕೆ 40ರ ಮಿತಿ. ಪೋಸ್ಟ್‌ಡಾಕ್‌ಗಳಲ್ಲಿ, ಅನುದಾನಗಳಲ್ಲಿ ಬಹುತೇಕ ಎಣಿಸುವುದು ಪಿಎಚ್.ಡಿ. ಆದ ವರ್ಷದಿಂದ. ಹಾಗಾಗಿ ಆ ಗಡಿಯಾರ ನಿಮ್ಮದು ಇನ್ನೂ ಶುರುವೇ ಆಗಿಲ್ಲ. ಕೆಲಸ ಬಿಡುವ ಮೊದಲು ಒಂದು ಪರೀಕ್ಷೆ: ವಾರಕ್ಕೆ 12 ಗಂಟೆಯಂತೆ ಆರು ತಿಂಗಳು ಮೇಲೆ ಹೇಳಿದ ಸಂಭವನೀಯತೆ, ಸಂಕೀರ್ಣತೆಯ ಅಭ್ಯಾಸಗಳನ್ನು ಉತ್ತರ ನೋಡದೆ ಬಿಡಿಸಿ. ಮೂರು ದಿನ ಒಂದೇ ಲೆಕ್ಕದ ಮುಂದೆ ಕೂತು ಏನೂ ಹೊಳೆಯದಿದ್ದಾಗ ನಾಲ್ಕನೆಯ ದಿನವೂ ಕೂರಬೇಕೆನಿಸುತ್ತದೆಯೇ ಎಂಬುದನ್ನು ಗಮನಿಸಿ. ಹೌದಾದರೆ ಅಕ್ಟೋಬರ್ ಒಳಗೆ ಶಿಫಾರಸು ಕೊಡಬಲ್ಲ ಒಬ್ಬ ಸಂಶೋಧಕರೊಡನೆ ಒಂದು ಚಿಕ್ಕ ಸಮಸ್ಯೆ ಕೈಗೆತ್ತಿಕೊಳ್ಳಿ. ಆಫೀಸಿನ ಮ್ಯಾನೇಜರ್ ಬರೆದ ಪತ್ರಕ್ಕೆ ಪ್ರವೇಶ ಸಮಿತಿಯಲ್ಲಿ ಬೆಲೆಯಿಲ್ಲ.